ಗೊಂಬೆ ಸಾಲಿನಲ್ಲಿ ಕಾರ್ತೇಜ್ ಹಡಗುಗಳು

ಎರಡು ಸಾವಿರದ ಇಪ್ಪತ್ತರ ನವರಾತ್ರಿಗೆ ಸೆರಿಟೋಸ್‌ನ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದೆವು. ಆದರೆ ಯಾರನ್ನೂ ಕರೆಯಲಿಲ್ಲ. ನಮ್ಮ ಯಜಮಾನರಿಗೆ ಆಸ್ತಮಾ. ಕೊರೋನಾ ಶುರುವಾದಾಗಿನಿಂದ ಹಾಲಿನ ಡಬ್ಬವನ್ನೂ ಒರೆಸಿಯೇ ಒಳಗಿಡುತ್ತಿದ್ದೆ.

ಆರನೇ ಕ್ಲಾಸಿನ ಮಗಳಿಗೆ ಆನ್‌ಲೈನ್ ಶಾಲೆಯಲ್ಲಿ ಕಾರ್ತೇಜ್ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದರು. ಆಫ್ರಿಕಾ ತೀರದ ಆ ವ್ಯಾಪಾರಿಗಳ ಊರು ಎರಡೂವರೆ ಸಾವಿರ ವರ್ಷಗಳ ಹಿಂದೆ ಕಡಲು ದಾಟಿ ಸಾರ್ಡಿನಿಯಾ, ಸಿಸಿಲಿಗಳಲ್ಲಿ ಕಾಲೂರಿ ಯುದ್ಧ ಮಾಡಿದ ಕಥೆ. ಗೊಂಬೆಗಳ ಕೆಳಗಿನ ಸಾಲನ್ನು ಅವಳಿಗೇ ಬಿಟ್ಟೆ. ನನ್ನ ನೀಲಿ ಜಾರ್ಜೆಟ್ ಸೀರೆ ಸಮುದ್ರವಾಯಿತು, ಸೀರಿಯಲ್ ಡಬ್ಬದ ರಟ್ಟು ಹಡಗುಗಳಾದವು. ಚನ್ನಪಟ್ಟಣದ ಮರದ ಕುದುರೆಗಳು ಶತ್ರುಗಳ ಪಾಲಿಗೆ ಹೋದವು.

ಅಷ್ಟಮಿಯ ಮಧ್ಯಾಹ್ನ ದೂರದ ಪೊವೇ ಊರಿನ ಗೆಳತಿಯೊಬ್ಬರು ನಮ್ಮ ಪಕ್ಕದ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಿಗೆ ಸಾಮಾನಿಗೆಂದು ಬಂದವರು ನಮ್ಮ ಬಾಗಿಲಿಗೂ ಬಂದರು.

"ಒಳಗೆ ಬರಲ್ಲ ಕಣ್ರೀ. ಇಲ್ಲಿಂದ್ಲೇ ಗೊಂಬೆ ನೋಡಿ ಹೋಗ್ತೀನಿ."

ಹಬ್ಬದಲ್ಲಿ ಬಾಗಿಲಿಗೆ ಬಂದ ಮುತ್ತೈದೆಗೆ ಕುಂಕುಮ ಕೊಡದೆ ಕಳಿಸಲು ನನಗೆ ಮನಸ್ಸಾಗಲಿಲ್ಲ. "ಎರಡೇ ನಿಮಿಷ, ಬನ್ನಿ" ಎಂದೆ. ಕುಂಕುಮದ ಜೊತೆ ಕಡಲೆಕಾಳಿನ ಉಸಲಿ ಕೊಟ್ಟೆ. ತಿನ್ನಲು ಅವರು ಮಾಸ್ಕ್ ತೆಗೆದರು. ಮಹಡಿಯಿಂದ ಇವರೂ ಇಳಿದು ಬಂದು ಎದುರಿಗೇ ಕೂತರು.

"ತಿಂಗಳುಗಟ್ಟಲೆ ಆದ್ಮೇಲೆ ಬೇರೆ ಮುಖ ನೋಡ್ತಿದೀನಿ. ಇವಳದು ಬೈಹಾರ್ಟ್ ಆಗೋಗಿದೆ" ಎಂದರು ಇವರು.

ಮಗಳು ತನ್ನ ಹಡಗುಗಳ ಕಥೆ ಶುರುಮಾಡಿದಳು. "ಆಂಟಿ, ಇದು ಸಿಸಿಲೀಲಿ ಕಾರ್ತೇಜ್ ಕ್ಯಾಂಪ್. ಸ್ಟಾರ್ಮ್‌ನಲ್ಲಿ ಅವರ ಕುದುರೆ ತರ್ತಿದ್ದ ಹಡಗೆಲ್ಲಾ ಮುಳುಗೋಯ್ತು. ಸೋ, ಕುದುರೆ ಕಳ್ಸಿ ಅಂತ ಫ್ರೆಂಡ್ಸ್ ಊರಿಗೆ ಲೆಟರ್ ಬರೆದ್ರು. ಅದು ಎನಿಮಿ ಕೈಗೆ ಸಿಕ್ತು. ಎನಿಮಿ ಸವಾರರೇ ಬಂದ್ರು. ಗಾರ್ಡ್ಸ್ ಫ್ರೆಂಡ್ಸ್ ಅಂದ್ಕೊಂಡು ಗೇಟ್ ತೆಗೆದ್ಬಿಟ್ರು!"

"ಆಮೇಲೆ?"

"ಹಡಗಿಗೆಲ್ಲಾ ಬೆಂಕಿ. ಜನರಲ್ ಡೆಡ್."

"ಅಯ್ಯೋ, ಪೆದ್ದು ಗಾರ್ಡುಗಳು!" ಎಂದು ಗೆಳತಿ ನಕ್ಕರು. ನಾನೂ ನಕ್ಕೆ.

ವಿಜಯದಶಮಿಯ ದಿನ ಅವರ ಮೆಸೇಜ್ ಬಂತು. "ನನ್ನ ಟೆಸ್ಟ್ ಪಾಸಿಟಿವ್ ರೀ. ನಿಮ್ಮ ಯಜಮಾನ್ರನ್ನ ನೋಡ್ಕೊಳ್ಳಿ. ಕ್ಷಮಿಸಿ."

ಅವರು ಯಾಕೆ ಕ್ಷಮೆ ಕೇಳಬೇಕು? ಒಳಗೆ ಬರಲ್ಲ ಅಂತಲೇ ಅಂದಿದ್ದರು. ಬಾಗಿಲು ತೆಗೆದವಳು ನಾನು.

ಇವರನ್ನು ಮಹಡಿಯ ರೂಮಿನಲ್ಲಿರಿಸಿ ನಾನೂ ಮಗಳೂ ಕೆಳಗೆ ಉಳಿದೆವು. ತಟ್ಟೆಯನ್ನು ರೂಮಿನ ಮುಂದಿಟ್ಟು, ಕೆಳಗಿಳಿದ ಮೇಲೆ ಕೂಗುತ್ತಿದ್ದೆ. ದಿನಕ್ಕೆ ಮೂರು ಸಲ ಜ್ವರ, ಆಕ್ಸಿಜನ್ ಎಷ್ಟೆಂದು ಫೋನಿನಲ್ಲಿ ಕೇಳಿ ಕ್ಯಾಲೆಂಡರಿನ ಮೇಲೆ ಬರೆದೆ. ತೊಂಬತ್ತೇಳು. ತೊಂಬತ್ತೇಳು. ತೊಂಬತ್ತೈದು. ಆ ತೊಂಬತ್ತೈದನ್ನು ನೋಡುತ್ತಾ ನಿಂತುಬಿಟ್ಟೆ, ಒಲೆಯ ಮೇಲಿದ್ದ ಬೀನ್ಸ್ ಪಲ್ಯ ಸೀದುಹೋಯಿತು. ಮೇಲೆ ಕೆಮ್ಮಿದರೆ ನಲ್ಲಿ ನಿಲ್ಲಿಸಿ, ಇನ್ನೊಂದು ಕೆಮ್ಮು ಬರುತ್ತದೇನೋ ಎಂದು ಕಿವಿಗೊಡುತ್ತಿದ್ದೆ.

"ಏನೂ ಆಗಿಲ್ವೇ. ಇದು ನನ್ನ ಹಳೇ ಕೆಮ್ಮು."

"ಹಳೇದೋ ಹೊಸದೋ ನಿಮಗೇನು ಗೊತ್ತು? ಇನ್ನೊಂದ್ಸಲ ಮೀಟರಿಗೆ ಬೆರಳಿಟ್ಟು ನೋಡಿ."

ಗೊಂಬೆ ಇಳಿಸಲು ಕೈ ಬರಲಿಲ್ಲ. ಸಮುದ್ರದ ಮೇಲೆ ಧೂಳು ಕೂತಿತು.

ಕಾರಿನಲ್ಲೇ ಕೂತು ಮೂವರೂ ಟೆಸ್ಟ್ ಮಾಡಿಸಿಕೊಂಡು ಬಂದೆವು. ನನ್ನದೂ ಮಗಳದೂ ನೆಗೆಟಿವ್ ಬಂತು. ಇವರ ರಿಸಲ್ಟ್ ಮಾತ್ರ ಅಂದು ಬರಲಿಲ್ಲ. ಆ ಒಂದು ದಿನ ನಾನು ಏನು ತಿಂದೆನೋ ನೆನಪಿಲ್ಲ. ಮರುದಿನ ಸಂಜೆ ಮಹಡಿಯಿಂದ ಕೂಗು ಬಂತು. "ನೆಗೆಟಿವ್! ಕಾಫಿ ಹಾಕು, ಕೆಳಗೇ ಬರ್ತೀನಿ."

ಕಾಫಿ ಕುಡಿದು ಮೂವರೂ ಗೊಂಬೆ ಇಳಿಸಿದೆವು. ಪೊವೇಯ ಗೆಳತಿಗೂ ಜ್ವರ ಬಿಟ್ಟಿತ್ತು. ಕುದುರೆಗಳನ್ನು ಪೇಪರಿನಲ್ಲಿ ಸುತ್ತುತ್ತಾ ಮಗಳನ್ನು ಕೇಳಿದೆ. "ಆ ಗೇಟಿನ ಗಾರ್ಡುಗಳಿಗೆ ಆಮೇಲೆ ಏನಾಯ್ತು?"

"ಪುಸ್ತಕದಲ್ಲಿ ಇಲ್ಲಮ್ಮಾ. ನೋಬಡಿ ರೋಟ್ ಇಟ್."

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ದಿನಸಿ ಇಟ್ಟು ಹೋಗುವವರೇ ಇರಬೇಕು. ಇವರು ಎದ್ದರು. ನಾನು ಅಡ್ಡ ನಿಂತೆ. ಹೊರಗೆ ಕಾರು ಹೊರಟ ಸದ್ದು ಕೇಳುವವರೆಗೂ ಅಲುಗಾಡಲಿಲ್ಲ.