ಅರಿಶಿನ ಹಾಕಿದ ಡಬ್ಬಿ

ಪುಂಜಾಲಕಟ್ಟೆಯಿಂದ ಒಳಗೆ ಎರಡು ಮೈಲಿ ಹೋದರೆ ಒಂದು ಹಳೆಯ ಕಲ್ಲುಕೋರೆ ಇತ್ತು. ಕೆಂಪುಕಲ್ಲು ಕಡಿದು ಮುಗಿದ ಮೇಲೆ ಅದನ್ನು ಹಾಗೆಯೇ ಬಿಟ್ಟಿದ್ದರು. ಅದರ ಗೋಡೆಯಲ್ಲಿ, ನನ್ನ ಎದೆಯ ಎತ್ತರಕ್ಕೆ, ಒಂದು ಕಲ್ಲು ಸಡಿಲವಿತ್ತು. ಆ ಕಲ್ಲಿನ ಹಿಂದೆ ನಾನು ಐದು ವರ್ಷ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಸಾಕಿದೆ. ಸಾಕಿದೆ ಎಂದೇ ಹೇಳಬೇಕು. ಒಂದು ಆಡನ್ನು ಕಟ್ಟಿಕೊಂಡಿದ್ದರೂ ಅಷ್ಟು ಕೆಲಸ ಇರುತ್ತಿರಲಿಲ್ಲ.

ಡಬ್ಬಿ ಅಣ್ಣನದು. ಗಲ್ಫಿನಲ್ಲಿದ್ದ ಅವನು ಒಮ್ಮೆ ರಜೆಗೆ ಬಂದಾಗ ಅಂಗೈ ಅಗಲದ ಒಂದು ಯಂತ್ರ ತಂದಿದ್ದ. ನಿಂತ ಜಾಗವನ್ನು ಉಪಗ್ರಹದಿಂದ ಹಿಡಿದು ಅಂಕೆಯಲ್ಲಿ ತೋರಿಸುವ ಯಂತ್ರ. ಜಿಯೋಕ್ಯಾಶ್ ಎಂಬ ಆಟವಂತೆ. ಒಬ್ಬ ಡಬ್ಬಿ ಅಡಗಿಸಿ ಅದರ ಅಂಕೆಗಳನ್ನು ಇಂಟರ್‌ನೆಟ್ಟಿಗೆ ಹಾಕಬೇಕು. ಯಾರೋ ದೂರದವರು ಅದನ್ನು ಹುಡುಕಿ ಬಂದು, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಇಟ್ಟು ಹೋಗಬೇಕು.

"ಈ ಗುಂಡಿಗೆ ಯಾರು ಬರುವುದು?" ಎಂದು ನಕ್ಕೆ.

"ಬರ್ತಾರೆ. ನೀನು ಆಗಾಗ ಹೋಗಿ ನೋಡು. ನೀರು ಹೋಗದ ಹಾಗೆ ನೋಡಿಕೊಂಡರೆ ಸಾಕು," ಎಂದ ಅಣ್ಣ. ಒಂದು ಪುಸ್ತಕ, ಪೆನ್ಸಿಲು, ಅರಬ್ಬರ ನಾಡಿನ ಒಂದು ಪುಟ್ಟ ಮರದ ಒಂಟೆ, ಇಷ್ಟನ್ನು ಒಳಗಿಟ್ಟು ಅವನು ವಿಮಾನ ಹತ್ತಿದ.

ಅದೇ ವರ್ಷ ಉಪ್ಪ, ನಮ್ಮ ಅಪ್ಪ, ತೀರಿಕೊಂಡರು. ಬೆಳಿಗ್ಗೆ ಹೋದ ಜೀವ. ನಮ್ಮಲ್ಲಿ ಮಯ್ಯತ್ತನ್ನು, ಶವವನ್ನು, ಇಟ್ಟುಕೊಂಡು ಕಾಯುವ ಕ್ರಮವಿಲ್ಲ, ಸಾಯಂಕಾಲದ ಅಸರ್ ನಮಾಜಿನ ಮೊದಲೇ ದಫನ ಮುಗಿಯಿತು. ಮೊದಲೇ ತಿಳಿಸಿದರೆ ಅಣ್ಣ "ನಾನು ಬರುವವರೆಗೆ ಇಡಿ" ಎಂದು ಅಳುತ್ತಾನೆ, ಇಲ್ಲ ಎನ್ನುವ ಬಾಯಿ ನನಗೆಲ್ಲಿತ್ತು? ಹಾಗಾಗಿ ಮಣ್ಣು ಹಾಕಿ ಬಂದ ಮೇಲೆ ಫೋನ್ ಮಾಡಿದೆ.

"ನನ್ನಲ್ಲಿ ಒಂದು ಮಾತು ಕೇಳದೆ ಮುಗಿಸಿದಿಯಾ?" ಎಂದ. ಫೋನ್ ಇಟ್ಟ. ಆಮೇಲೆ ಅವನು ಮಾತಾಡುತ್ತಿದ್ದದ್ದು ತಾಯಿಯ, ನಮ್ಮ ಉಮ್ಮನ, ಜೊತೆ ಮಾತ್ರ. ರಜೆಗೆ ಬಂದರೂ ಮೂಡುಬಿದಿರೆಯಲ್ಲಿ ಹೆಂಡತಿಯ ಮನೆಯಲ್ಲಿ ಉಳಿದು, ಉಮ್ಮನನ್ನು ಅಲ್ಲಿಗೇ ಕರೆಸಿಕೊಳ್ಳುತ್ತಿದ್ದ.

ಆದರೆ ಡಬ್ಬಿಯ ಹತ್ತಿರ ಬರುತ್ತಿದ್ದ. ಅದು ನನಗೆ ಗೊತ್ತಾದದ್ದು ಪುಸ್ತಕದಿಂದ. "ಕಾಗದ ಒದ್ದೆಯಾಗಿದೆ. ಮುಚ್ಚಳ ಬದಲಿಸು," ಎಂದು ಅವನ ಅಕ್ಷರ. ನಾನು ಮುಚ್ಚಳ ಬದಲಿಸಿ ಕೆಳಗೆ ಬರೆದೆ: "ಬದಲಿಸಿದ್ದೇನೆ." ಮುಂದಿನ ರಜೆಯಲ್ಲಿ: "ಇರುವೆ ಬಂದಿದೆ." "ಓಡಿಸಿದ್ದೇನೆ." ಮನೆಯಲ್ಲಿ ಬ್ಯಾರಿ ಮಾತಾಡುವ ನಾವಿಬ್ಬರೂ ಪುಸ್ತಕದಲ್ಲಿ ಶಾಲೆಯ ಕನ್ನಡದಲ್ಲಿ, ಪರೀಕ್ಷೆಗೆ ಕೂತವರ ಹಾಗೆ ಬರೆಯುತ್ತಿದ್ದೆವು. ನಡುವೆ ಇಬ್ಬರೋ ಮೂವರೋ ಪರದೇಶಿಗಳ ಸಹಿ. ನನಗೆ ಅವರಿಂದೇನು? ಅಣ್ಣನ ಒಂದು ಸಾಲಿಗಾಗಿ ತಿಂಗಳಿಗೆರಡು ಸಲ ಅಂಗಡಿ ಮುಚ್ಚಿ ಆ ಗುಂಡಿಗೆ ಇಳಿಯುತ್ತಿದ್ದೆ.

ಐದನೆಯ ವರ್ಷ ಅವನು ರಜೆಗೆ ಬರುವ ಸುದ್ದಿ ಉಮ್ಮನಿಂದ ತಿಳಿದಾಗ ಗಟ್ಟಿ ಮನಸ್ಸು ಮಾಡಿ ಬರೆದೆ: "ಅಂದು ನಿನಗೆ ಮೊದಲೇ ಹೇಳಬೇಕಿತ್ತು. ನನಗೆ ಧೈರ್ಯವಿರಲಿಲ್ಲ. ಕ್ಷಮಿಸು." ಎದುರು ನಿಂತು ಆ ಮಾತು ನನ್ನ ಬಾಯಿಂದ ಏಳು ಜನ್ಮಕ್ಕೂ ಹೊರಡುತ್ತಿರಲಿಲ್ಲ.

ಈ ಪುಟ ಮಾತ್ರ ಹಾಳಾಗಬಾರದು ಎಂದು ನನ್ನ ಅತಿಬುದ್ಧಿ ಓಡಿತು. ನನ್ನದು ಜೀನಸಿನ ಅಂಗಡಿ. ಇರುವೆಗೆಂದು ಡಬ್ಬಿಯ ತಳಕ್ಕೆ ಅರಿಶಿನ ಪುಡಿ ಉದುರಿಸಿದೆ. ಹುಳಕ್ಕೆಂದು ನಾಲ್ಕು ತುಂಡು ಕರ್ಪೂರ ಇಟ್ಟೆ. ಮುಚ್ಚಳ ಬಿಗಿಯಾಗಿರಲಿ ಎಂದು, ಕೈಗೆ ಸಿಕ್ಕಿದ ಕೆಂಪು ನೂಲಿನಿಂದ ಏಳೆಂಟು ಸುತ್ತು ಸುತ್ತಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕತೆ.

ಹತ್ತು ದಿನ ಕಳೆದು ಒಂದು ಬುಧವಾರ, ಕೋರೆಯ ಜಾಗದ ಯಜಮಾನರು ಅಂಗಡಿಗೆ ಬಂದರು. ರಬ್ಬರ್ ಗಿಡ ನೆಡುವವರು, ನನ್ನ ಹಳೆಯ ಗಿರಾಕಿ. ಮುಖದಲ್ಲಿ ರಕ್ತವಿರಲಿಲ್ಲ. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಒಂದು ಗೋಣಿ.

"ಕೋರೆಯ ಪೊದೆ, ಬಲ್ಲೆ ಕಡಿಸುವಾಗ ಗೋಡೆಯ ಕಲ್ಲು ಜಾರಿ ಸಿಕ್ಕಿತು ಮಾರಾಯ್ರೆ. ಯಾರೋ ಮಾಟ ಮಾಡಿ ಇಟ್ಟಿದ್ದಾರೆ. ಅರಿಶಿನ ಉಂಟು, ಕರ್ಪೂರ ಉಂಟು, ಯಾವುದೋ ಪ್ರಾಣಿಯ ಗೊಂಬೆ, ಪುಸ್ತಕದಲ್ಲಿ ಹೆಸರುಗಳ ಪಟ್ಟಿ, ಹೆದರಿ ಪೂರ್ತಿ ಓದಲಿಲ್ಲ. ನನ್ನ ಮಗಳಿಗೆ ಎರಡು ತಿಂಗಳಿಂದ ಜ್ವರ ಬಿಡುವುದಿಲ್ಲ, ಈಗ ಗೊತ್ತಾಯ್ತು. ಹರಿಯುವ ನೀರಿಗೆ ಬಿಡಬೇಕಂತೆ. ಬಂಟ್ವಾಳಕ್ಕೆ ಹೋಗ್ತೇನೆ, ಹೊಳೆಗೆ ಹಾಕಿ ಬರ್ತೇನೆ. ಒಂದು ತೆಂಗಿನಕಾಯಿ ಕೊಡಿ."

ಗೋಣಿ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. "ಅದು ನನ್ನದು" ಎಂದರೆ ಮುಗಿಯುತ್ತಿತ್ತು. ಆದರೆ ಕಾಯಿಲೆ ಬಿದ್ದ ಮಗಳ ಅಪ್ಪನ ಎದುರು, ಆ ಅರಿಶಿನ ನನ್ನ ಅಂಗಡಿಯದೇ ಎಂದು ಹೇಗೆ ಹೇಳಲಿ? ಆಟ, ಉಪಗ್ರಹ, ಅಣ್ಣ ಎಂದರೆ ಯಾರು ನಂಬುತ್ತಾರೆ? ನಾಳೆ ಪುಂಜಾಲಕಟ್ಟೆಯಲ್ಲಿ ಯಾರು ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ? ನಾನು ಹೇಡಿ. ಐದು ವರ್ಷದ ಹಿಂದೆಯೂ ಹೇಡಿ, ಆ ಬುಧವಾರವೂ ಹೇಡಿ. ತೆಂಗಿನಕಾಯಿ ಆರಿಸಿ, ಅಲ್ಲಾಡಿಸಿ ನೋಡಿ, ಅವರ ಕೈಗೆ ಕೊಟ್ಟೆ.

ಸ್ಕೂಟರ್ ಮರೆಯಾದ ಮೇಲೆ ಬುದ್ಧಿ ಬಂತು. ಬಾಗಿಲು ಎಳೆದು ಬಸ್ಸು ಹತ್ತಿದೆ. ಬಂಟ್ವಾಳದಲ್ಲಿ ನೇತ್ರಾವತಿಯ ದಡಕ್ಕೆ ಓಡಿದರೆ ಒಡೆದ ತೆಂಗಿನಕಾಯಿ ಮಾತ್ರ ಮೆಟ್ಟಿಲಿನಲ್ಲಿತ್ತು. ಅದು ನಾನು ಆರಿಸಿದ ಕಾಯಿ. ಪಂಚೆ ಎತ್ತಿ ಕಟ್ಟಿ ಸೊಂಟದವರೆಗೆ ನೀರಿಗಿಳಿದೆ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ದೋಣಿಯವರಲ್ಲಿ ಕೇಳಿದೆ, ಬಲೆ ಹಾಕುವವರಲ್ಲಿ ಕೇಳಿದೆ. "ಏನು ಬಿದ್ದದ್ದು?" ಎಂದರೆ "ಒಂದು ಪುಸ್ತಕ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಅಣ್ಣ ಆ ಬುಧವಾರಕ್ಕೆ ಮೊದಲು ಕೋರೆಗೆ ಹೋಗಿದ್ದನೇ? ಓದಿದ್ದನೇ? ಏನಾದರೂ ಬರೆದಿದ್ದನೇ?

ಭಾನುವಾರ ಮೂಡುಬಿದಿರೆಗೆ ಹೋದೆ. ಅಂದೇ ಅವನು ಹೊರಡುವ ದಿನ. ಅಂಗಳದಲ್ಲಿ ಕಾರು ನಿಂತಿತ್ತು, ಅವನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ತಲೆ ನರೆತಿತ್ತು. ನನ್ನನ್ನು ನೋಡಿ ಕೈ ನಿಲ್ಲಿಸಿದ.

"ಶುಕ್ರವಾರ ಹೋಗಿದ್ದೆ," ಎಂದ. "ಡಬ್ಬಿ ಇರಲಿಲ್ಲ. ಅದನ್ನೂ ನನ್ನಲ್ಲಿ ಒಂದು ಮಾತು ಕೇಳದೆ ಮುಗಿಸಿದಿ ಅಂತ ಎಣಿಸಿದೆ."

ಹಾಗಾದರೆ ಅವನು ಓದಿರಲಿಲ್ಲ. "ಇಲ್ಲ, ಇಲ್ಲ," ಎಂದು ಅರಿಶಿನ, ಮಾಟ, ಹೊಳೆ ಎಲ್ಲವನ್ನೂ ತೊದಲಿದೆ. ತೆಂಗಿನಕಾಯಿ ಕೊಟ್ಟದ್ದನ್ನು ಹೇಳಲಿಲ್ಲ. ಕಾರಿನವನು ಒಮ್ಮೆ ಹಾರ್ನ್ ಒತ್ತಿದ.

"ಪುಸ್ತಕದಲ್ಲಿ ಏನಾದರೂ ಬರೆದಿದ್ದಿಯಾ?" ಎಂದು ಅಣ್ಣ ಕೇಳಿದ.

ಐದು ವರ್ಷದಲ್ಲಿ ಅವನು ನನ್ನಲ್ಲಿ ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ. ಒಳಗೆ ಅತ್ತಿಗೆಯ ಮನೆಯವರೆಲ್ಲ ನಿಂತಿದ್ದರು.

"ಏನಿಲ್ಲ," ಎಂದೆ. "ಕಾಗದ ಒಣಗಿಯೇ ಉಂಟು ಅಂತ ಬರೆದಿದ್ದೆ."

"ಹ್ಞೂ," ಎಂದು ಅವನು ಹಗ್ಗದ ಕೊನೆಯ ಗಂಟು ಹಾಕಿದ. ಪೆಟ್ಟಿಗೆಯನ್ನು ಕಾರಿಗೆ ಎತ್ತಲು ನಾನೇ ಒಂದು ಕಡೆ ಹಿಡಿದೆ.