ಅಂಚಿನಲ್ಲಿದ್ದ ಮೂವತ್ತೇಳು ತಾರೀಕು

ಕಾಲೇಜಿನ ಗೇಟಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಹದಿನಾರು ವರ್ಷಗಳಿಂದ ಈ ಊರಿನ ಅರ್ಜಿಗಳೆಲ್ಲ ನನ್ನ ಕೈ ದಾಟಿಯೇ ಹೋಗಿವೆ. ಯಾರ ಕೆಲಸ ಆಗುತ್ತದೆ, ಯಾರ ಅರ್ಜಿ ಕಸದ ಬುಟ್ಟಿಗೆ ಬೀಳುತ್ತದೆ ಎಂಬುದನ್ನು ಅವರು ಫೈಲು ಹಿಡಿದು ಬರುವ ಭಂಗಿ ನೋಡಿಯೇ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಡಹುಟ್ಟಿದ ಅಕ್ಕನ ಅರ್ಜಿ ಬಂದಾಗ ಆ ಜಂಬವೆಲ್ಲ ಇಳಿಯಿತು.

ಅಕ್ಕ ನಾಟಕ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಪ್ರಾಂಪ್ಟರ್ ಆಗಿದ್ದಳು. ಪರದೆಯ ಮರೆಯಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂತು, ನಾಟಕ ಬರೆದ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ನಟರು ಮಾತು ಮರೆತ ಕಡೆ ಮುಂದಿನ ಎರಡು ಪದ ಎತ್ತಿಕೊಡುವ ಕೆಲಸ. ಆ ಪದ ನಟರ ಕಿವಿಗೆ ಬೀಳಬೇಕು, ಮೊದಲ ಸಾಲಿನಲ್ಲಿ ಕೂತವರಿಗೆ ಕೇಳಿಸಬಾರದು. ಹಾಗಾಗಿ ತುಟಿ ಅಲ್ಲಾಡಿಸದೆ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ಮನೆಯಲ್ಲೂ ಅದೇ ಚಾಳಿ. ಬಂದವರ ಮುಂದೆ ಅಪ್ಪ ಏನಾದರೂ ಹೇಳಹೊರಟು ತಡವರಿಸಿದರೆ ಅಡುಗೆಮನೆಯಿಂದ ಮುಂದಿನ ಪದ ಬಂದುಬಿಡುತ್ತಿತ್ತು.

"ನನ್ನ ಸುಳ್ಳನ್ನಾದ್ರೂ ನನಗೇ ಹೇಳೋಕೆ ಬಿಡೇ," ಎಂದು ಅಪ್ಪ ರೇಗುತ್ತಿದ್ದರು.

ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ನಾಯಕಿ ಬರಲಾಗದ ದಿನ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಜನ ಎದ್ದು ಹೋಗುತ್ತಾರೆಂಬ ಭಯ. ಇಡೀ ಪಾತ್ರ ಬಾಯಿಪಾಠವಿದ್ದವಳು ಪ್ರಾಂಪ್ಟರ್ ಒಬ್ಬಳೇ. ಅವಳಿಗೇ ದಪ್ಪಗೆ ಬಣ್ಣ ಬಳಿದು, ನಾಯಕಿಯ ಉಡುಪು ತೊಡಿಸಿ, ನಾಯಕಿಯ ಹೆಸರಿನಲ್ಲೇ ರಂಗಕ್ಕೆ ಕಳಿಸುತ್ತಿದ್ದರು. ಹಾಗೆ ಮೂವತ್ತೇಳು ಸಲ ಅಕ್ಕ ಅಂಬಿಗನ ಹೆಂಡತಿಯ ಪಾತ್ರ ಮಾಡಿದಳು. ಚಪ್ಪಾಳೆ ಬಿತ್ತು, ಪತ್ರಿಕೆಯಲ್ಲಿ ಹೊಗಳಿಕೆ ಬಂತು, ಎಲ್ಲವೂ ನಾಯಕಿಯ ಲೆಕ್ಕಕ್ಕೆ. ಅಕ್ಕ ಮಾತ್ರ ಪ್ರತಿ ಸಲವೂ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಕು ಬರೆದು, ಎಲ್ಲಿ ಉಸಿರು ತೆಗೆದುಕೊಂಡೆ, ಎಲ್ಲಿ ದನಿ ತಗ್ಗಿಸಿದೆ ಎಂದು ಸಣ್ಣ ಗೆರೆಗಳನ್ನು ಹಾಕಿಕೊಳ್ಳುತ್ತಿದ್ದಳು.

ಮಾಲೀಕರು ತೀರಿಕೊಂಡ ಮೇಲೆ ಕಂಪನಿ ಮುಚ್ಚಿತು. ಅಕ್ಕ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಲು ಸೇರಿದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ. ಎಂಟನೇ ವರ್ಷ ಸುತ್ತೋಲೆ ಬಂತು. ಹದಿನೆಂಟು ತಿಂಗಳೊಳಗೆ ರಂಗಕಲೆಯಲ್ಲಿ ಪದವಿ ಪಡೆಯದವರು ಕೆಲಸ ಬಿಡಬೇಕು. ಪದವಿಗೆ ಮೂರು ವರ್ಷ ಬೇಕು. ಆದರೆ ನನ್ನ ಅಂಗಡಿಯ ಎದುರಿನ ಕಾಲೇಜಿನಲ್ಲಿ, ಹಿಂದೆ ಕಲಿತದ್ದು, ದುಡಿದದ್ದು ರುಜುವಾತಾದರೆ ಅದಕ್ಕೆ ಕ್ರೆಡಿಟ್ ಕೊಟ್ಟು ಮೊದಲ ಎರಡು ವರ್ಷ ಬಿಟ್ಟುಕೊಡುತ್ತಿದ್ದರು. ಅಕ್ಕನಿಗೆ ಶಾಲೆ ಉಳಿಯಬೇಕಾದರೆ ಇದ್ದದ್ದು ಅದೊಂದೇ ದಾರಿ.

ಕಾಲೇಜಿನವರು ಕೇಳಿದ್ದು ಹೆಸರಿರುವ ಕರಪತ್ರ, ರಂಗದ ಮೇಲಿನ ಫೋಟೋ, ಜೊತೆಗಿದ್ದ ಹಿರಿಯ ಕಲಾವಿದರ ಪತ್ರ. ಪ್ರಾಂಪ್ಟರ್ ಹೆಸರು ಯಾವ ಕರಪತ್ರದಲ್ಲೂ ಇರುವುದಿಲ್ಲ. ಅವಳು ಫೋಟೋದಲ್ಲಿ ಕಂಡರೆ ಅದು ಫೋಟೋ ತೆಗೆದವನ ತಪ್ಪು. ಉಳಿದದ್ದು ಆ ನೋಟ್‌ಬುಕ್ಕು ಮತ್ತು ಆ ನಾಯಕಿ.

ಪತ್ರ ಕೇಳಲು ನಾಯಕಿಯ ಮನೆಗೆ ಇಬ್ಬರೂ ಹೋದೆವು. ಈಗ ಆಕೆಗೆ ಭಾರಿ ಹೆಸರು. ಹಾಲಿನ ಗೋಡೆ ತುಂಬ ಸನ್ಮಾನ ಫಲಕಗಳು. ನಟ್ಟನಡುವೆ ಇದ್ದುದರಲ್ಲಿ, "ಇಪ್ಪತ್ತೆರಡು ವರ್ಷ ಒಂದು ಪ್ರದರ್ಶನವನ್ನೂ ತಪ್ಪಿಸದ ಕಲಾವಿದೆ" ಎಂದು ಕೆತ್ತಿಸಿದ್ದರು. ಅದನ್ನು ಓದಿದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು.

"ನನ್ನ ಬದಲು ನೀನು ಮಾಡಿದ್ದೆ ಅಂತ ಬರೆದುಕೊಟ್ರೆ ಆ ಫಲಕದ ಗತಿ ಏನು, ನೀನೇ ಹೇಳು," ಎಂದರು ನಾಯಕಿ.

"ಅಮ್ಮಾ, ನನ್ನ ಕೆಲಸ ಹೋಗುತ್ತೆ," ಎಂದಳು ಅಕ್ಕ.

"ನಿನ್ನ ಕೈ ಬಿಡ್ತೀನಾ? ಕಾಲೇಜಲ್ಲಿ ಅರ್ಜಿ ನೋಡೋ ಸಮಿತೀಲಿ ನಾನೂ ಇದೀನಿ ಕಣೇ. ನೀನಾಗಿ ಬಾಯಿ ಬಿಡಬೇಡ. ಸಮಯ ನೋಡಿ ನಾನೇ ಒಂದು ಮಾತು ಹಾಕ್ತೀನಿ."

ಅಕ್ಕ ಆಗಲಿ ಎಂದು ಮಾತು ಕೊಟ್ಟಳು. ಹೊರಗೆ ಬಂದವಳೇ ನಾನು, "ಆಕೆ ಟೋಪಿ ಹಾಕ್ತಾಳೆ ನೋಡ್ತಿರು," ಎಂದೆ.

"ಇಪ್ಪತ್ತೆರಡು ವರ್ಷ ನಾನು ಅವರನ್ನ ಬೀಳೋಕೆ ಬಿಟ್ಟಿಲ್ಲ. ಅವರು ನನ್ನನ್ನ ಬಿಡ್ತಾರಾ?" ಎಂದಳು ಅಕ್ಕ. ಅವಳಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅರ್ಜಿಯ ಜೊತೆ ದಾಖಲೆಗಳ ಮೂಲಪ್ರತಿಯನ್ನೇ ಇಡಬೇಕಿತ್ತು. ನೋಟ್‌ಬುಕ್ಕಿನ ಜೆರಾಕ್ಸ್ ತೆಗೆದಿಡೋಣ ಎಂದೆ. "ಹೊಲಿಗೆ ಬಿಟ್ಟಿದೆ. ಮೆಷಿನ್ ಮೇಲೆ ಅಗಲಿಸಿ ಒತ್ತಿದ್ರೆ ಹಾಳೆಯೆಲ್ಲ ಕೈಗೆ ಬರುತ್ತೆ, ಬೇಡ," ಎಂದಳು. ಊರಿಗೆಲ್ಲ ನಕಲು ತೆಗೆದುಕೊಡುವವಳು ಅದೊಂದಕ್ಕೆ ನಕಲು ತೆಗೆಯಲಿಲ್ಲ. ಈ ಪೆದ್ದುತನಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಸಂದರ್ಶನದ ದಿನ ಕೋಣೆಯಲ್ಲಿ ಸೆಕೆ ಎಂದು ಬಾಗಿಲು ತೆರೆದೇ ಇಟ್ಟಿದ್ದರು. ಹೊರಗಿನ ಬೆಂಚಿನಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಮೂವರಿದ್ದರು. ನಡುವೆ ಅಧ್ಯಕ್ಷರು, ಅವರ ಬಲಕ್ಕೆ ನಾಯಕಿ. ಅಧ್ಯಕ್ಷರು ನೋಟ್‌ಬುಕ್ಕು ಮಗುಚುತ್ತ ಅಕ್ಕನನ್ನು ಮರೆತೇಬಿಟ್ಟರು.

"ಅಮ್ಮಾ, ಅಂಬಿಗನ ಹೆಂಡತಿ ಮಾತು ಒಂದ್ಸಲ ನಿಮ್ಮ ಬಾಯಲ್ಲೇ ಕೇಳಬೇಕಲ್ಲ," ಎಂದು ನಾಯಕಿಯತ್ತ ಹಲ್ಲುಗಿಂಜಿದರು.

ನಾಯಕಿ ಬೇಡ ಬೇಡ ಎನ್ನುತ್ತಲೇ ಎದ್ದು ನಿಂತರು. "ದೋಣಿ ನಿನ್ನದೇ ಇರಬಹುದು, ಹೊಳೆ..." ಎಂದವರು ಅಲ್ಲಿಗೇ ನಿಂತರು. ಮುಂದಿನದು ನೆನಪಾಗಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಅಕ್ಕನ ತುಟಿ ಅಲ್ಲಾಡಲಿಲ್ಲ. ಆದರೆ ಅವಳ ಕೊರಳಿನ ನರ ಉಬ್ಬಿದ್ದನ್ನು ನಾನು ಕಂಡೆ.

"ಹೊಳೆ ಯಾರಪ್ಪನದೂ ಅಲ್ಲ," ಎಂದು ನಾಯಕಿ ಮುಂದುವರಿಸಿ ಕೊನೆಯವರೆಗೂ ಹೇಳಿದರು. ಸಮಿತಿಯವರು ಚಪ್ಪಾಳೆ ತಟ್ಟಿದರು. ಎದುರಿಗೆ ಕೂತು ಅಕ್ಕ ಮಾಡಿದ ಕೆಲಸ ಅವರ ಕಣ್ಣಿಗೂ ಬೀಳಲಿಲ್ಲ, ಕಿವಿಗೂ ಬೀಳಲಿಲ್ಲ.

ಆಮೇಲೆ ಅಧ್ಯಕ್ಷರು ಅಕ್ಕನ ಕಡೆ ತಿರುಗಿದರು. "ನೀವೇ ರಂಗದ ಮೇಲೆ ಅಭಿನಯಿಸಿದ್ದುಂಟಾ? ಇದ್ರೆ ಎರಡು ವರ್ಷ ಬಿಡೋದು ಕಷ್ಟವೇನಲ್ಲ. ಈ ತಾರೀಕುಗಳು ಏನು?"

ಅಕ್ಕ ನಾಯಕಿಯ ಮುಖ ನೋಡಿದಳು. ಜೀವಮಾನದಲ್ಲಿ ಒಂದೇ ಒಂದು ಸಲ ಅವಳಿಗೆ ಬೇರೆಯವರು ಮಾತು ಎತ್ತಿಕೊಡಬೇಕಿತ್ತು. ನಾಯಕಿ ನೀರಿನ ಲೋಟದ ಮುಚ್ಚಳ ತೆಗೆದರು, ಕುಡಿದರು, ಮತ್ತೆ ಮುಚ್ಚಿದರು. ಅಕ್ಕ ಅಷ್ಟು ಹೊತ್ತೂ ಕಾದಳು.

"ಸುಮ್ಮನೆ ಗುರುತಿಗೆ ಬರ್ಕೊಂಡಿದ್ದು ಸರ್," ಎಂದಳು ಕೊನೆಗೆ.

ಬಾಗಿಲು ದಾಟಿ ಒಳಗೆ ನುಗ್ಗಿ ಕೂಗಿಬಿಡಬೇಕಿತ್ತು ನಾನು. ನುಗ್ಗಲಿಲ್ಲ. ದಾರಿಯುದ್ದಕ್ಕೂ ಅಕ್ಕನ ಮೇಲೆಯೇ ಹಾರಾಡಿದೆ. "ಮಾತು ಕೊಟ್ಟಿದ್ದೆ ಕಣೇ," ಎಂದಷ್ಟೇ ಹೇಳಿ ಅವಳು ಚಪ್ಪಲಿ ನೋಡಿಕೊಂಡು ನಡೆದಳು.

ಮೂರು ವಾರಕ್ಕೆ ಪತ್ರ ಬಂತು. ಪ್ರಾಂಪ್ಟರ್ ಕೆಲಸ ಅಭಿನಯದ ಕಲಿಕೆಯಲ್ಲ. ಕ್ರೆಡಿಟ್ ಸೊನ್ನೆ. ಬೇಕಾದರೆ ಮೊದಲ ವರ್ಷಕ್ಕೆ ಸೇರಬಹುದು. ಸಲ್ಲಿಸಿದ ದಾಖಲೆಗಳನ್ನು ಹಿಂದಿರುಗಿಸುವುದಿಲ್ಲ. ಅಕ್ಕ ನೋಟ್‌ಬುಕ್ಕಿಗಾಗಿ ನಾಲ್ಕು ಸಲ ಕಾಲೇಜಿಗೆ ಅಲೆದಳು. ಗ್ರಂಥಾಲಯಕ್ಕೆ ಸೇರಿಹೋಗಿದೆ ಎಂದರು. ಹದಿನೆಂಟು ತಿಂಗಳು ಮುಗಿದ ದಿನ ಶಾಲೆಯವರು ಅವಳನ್ನು ಕಳಿಸಿಕೊಟ್ಟರು. ಈಗ ನನ್ನ ಅಂಗಡಿಯಲ್ಲೇ ಸ್ಪೈರಲ್ ಬೈಂಡಿಂಗ್ ಮಾಡುತ್ತಾಳೆ.

ಹೋದ ತಿಂಗಳು ರಂಗಕಲೆ ಓದುವ ಹುಡುಗಿಯೊಬ್ಬಳು ಒಂದು ಕಟ್ಟು ತಂದಳು. ಮೇಲಿನ ಹಾಳೆಯಲ್ಲಿ ನಾಯಕಿಯ ಹೆಸರು. ಅದರ ಕೆಳಗೆ, "ಅವರ ಸ್ವಂತ ಟಿಪ್ಪಣಿಗಳಿರುವ ಪಾತ್ರಪ್ರತಿ." ಒಳಗೆಲ್ಲ ಅಕ್ಕನ ಕೈಬರಹ.

"ಮೂವತ್ತೆರಡು ಪ್ರತಿ ಆಂಟಿ, ಬೈಂಡಿಂಗ್ ಸಮೇತ. ಪೆನ್ಸಿಲ್ ಗೆರೆ ಚೆನ್ನಾಗಿ ಮೂಡಬೇಕು. ಎಲ್ಲಿ ಉಸಿರು ತಗೋಬೇಕು ಅಂತ ಅವರೇ ಗುರುತು ಹಾಕಿದ್ದು. ಪರೀಕ್ಷೆಗೆ ಬರೋದೇ ಅದು."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಮೊಣಕೈ ಹಿಡಿದಳು.

"ಈ ತಾರೀಕುಗಳು ಏನಮ್ಮಾ?" ಎಂದು ಅವಳೇ ಹುಡುಗಿಯನ್ನು ಕೇಳಿದಳು.

"ಅದನ್ನೂ ಕೇಳಿದ್ವಿ. ಅವರು ಕ್ಲಾಸಿಗೆ ಬಂದಿದ್ದಾಗ ಹೇಳಿದ್ರು. ಆ ಪಾತ್ರ ಎಲ್ಲಕ್ಕಿಂತ ಚೆನ್ನಾಗಿ ಬಂದ ದಿನಗಳಂತೆ."

ನಾನು ತೆಗೆದುಕೊಟ್ಟ ಮೊದಲ ಪ್ರತಿಯನ್ನು ಅಕ್ಕ ಜೋಡಿಸಿ ಬೈಂಡಿಂಗ್ ಯಂತ್ರದೊಳಗೆ ಇಟ್ಟು ಹಿಡಿಕೆ ಒತ್ತಿದಳು.

"ಅದೊಂದು ಮಾತು ನಿಜ," ಎಂದಳು. ಅವಳ ತುಟಿ ಅಲ್ಲಾಡಲಿಲ್ಲ. ಹುಡುಗಿಗೆ ಏನೂ ಕೇಳಿಸಲಿಲ್ಲ.