ಗ್ರೌಂಡ್ ಇದೆಯಾ ಸಾರ್?

ಅಕ್ಕನ ಮಗಳು ದಿವ್ಯಾಳಿಗೆ ಪಿಯುಸಿ ಸೀಟು ಹುಡುಕಿಕೊಂಡು ಸ್ಕೂಟರಿನಲ್ಲಿ ರಾಜಾಜಿನಗರವೆಲ್ಲ ಅಲೆಯುತ್ತಿದ್ದೆ. ಹೋದಲ್ಲೆಲ್ಲ ನಾನು ರಿಸಲ್ಟ್ ವಿಚಾರಿಸಿದರೆ, ಖೋ ಖೋ ಹುಚ್ಚಿನ ಅವಳು "ಗ್ರೌಂಡ್ ಇದೆಯಾ ಸಾರ್?" ಅನ್ನುತ್ತಿದ್ದಳು.

"ಇತ್ತಮ್ಮ, ಈಗ ಅಲ್ಲಿ ಹೊಸ ಬ್ಲಾಕ್ ಕಟ್ಟಿದೀವಿ. ಓದೋರಿಗೆ ಅದೆಲ್ಲ ಯಾಕೆ?" ಅಂದರು ಒಬ್ಬ ಪ್ರಿನ್ಸಿಪಾಲರು. ನಾನೂ ತಲೆಯಾಡಿಸಿದೆ. ಅವಳು ಎದ್ದು ಹೋಗಿ ಸ್ಕೂಟರಿನ ಪಕ್ಕ ನಿಂತಳು.

ವಿಜಯನಗರದ ಕಾಲೇಜಿನಲ್ಲಿ ಅರ್ಜಿಗೆ ಕ್ಯೂ ನಿಂತವನು ತಿರುಗಿ ನೋಡಿದರೆ ಹುಡುಗಿ ಪಕ್ಕದಲ್ಲಿಲ್ಲ. ಗಾಬರಿಯಿಂದ ಹುಡುಕಿದೆ. ಹಿಂದಿನ ಮೈದಾನದಲ್ಲಿ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು, ಗುರುತಿಲ್ಲದ ಹುಡುಗಿಯರ ಜೊತೆ ಖೋ ಖೋ ಆಡುತ್ತಿದ್ದಳು.

"ಬಾರೇ, ಲ್ಯಾಬ್ ನೋಡೋಣ."

"ನೀನು ನೋಡ್ಕೊಂಡು ಬಾ ಮಾಮ, ನಾನು ಇಲ್ಲೇ ಸೇರ್ತೀನಿ."

ನಾನೂ ಅಲ್ಲೇ ಕಟ್ಟೆ ಮೇಲೆ ಕೂತು ಆಟ ನೋಡಿದೆ.

ಮನೆ ಬಾಗಿಲಲ್ಲೇ ಅಕ್ಕ, "ಲ್ಯಾಬ್ ಹೇಗಿದೆಯೋ?" ಅಂದಳು. "ಫಸ್ಟ್ ಕ್ಲಾಸ್" ಅಂದೆ. ಅದು ಯಾವ ಮಹಡಿಯಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.